ರಮಾಬಾಯಿಯ ಖಡಿ ತೋಟ

"ಅವ್ವಾ, ರಮಾಬಾಯಿ ಆಯಿ ಖಡಿಗಿ ಯಾಕ ತಲಿ ಬಾಚ್ತಾಳ?"

ಬೆಳಿಗ್ಗೆ ಹಲ್ಲುಜ್ಜುತ್ತಲೇ ಮಗಳು ಕೇಳಿದಳು. ನೊರೆಯೆಲ್ಲ ಅಂಗಿಯ ಮೇಲೆ. ಅಂಗಿ ಬದಲಿಸುತ್ತ ನನಗೆ ತಿಳಿದಷ್ಟು ಹೇಳಿದೆ.

ರಮಾಬಾಯಿ ವಾಡಿಯ ರೈಲ್ವೆ ಗ್ಯಾಂಗಿನಲ್ಲಿ ಹಳಿಯ ಕೆಳಗೆ ಜಲ್ಲಿಕಲ್ಲಿನ ಖಡಿ ತುಂಬುತ್ತ ಆಯುಷ್ಯ ಕಳೆದವರು. ನಿವೃತ್ತಿಯಾದ ಮೇಲೆ ಕಲಬುರಗಿಯ ಬೌದ್ಧ ಯಾತ್ರಿಕರ ಜೊತೆ ಜಪಾನಿಗೆ ಹೋಗಿ ಬಂದರು. ಕ್ಯೋಟೋದ ಹಳೆಯ ಝೆನ್ ದೇವಾಲಯವೊಂದರಲ್ಲಿ ಉಳಿದವರು ಫೋಟೊ ತೆಗೆಸಿಕೊಂಡು ಬಸ್ಸು ಹತ್ತಿದರೂ ಇವರು ಮರದ ಜಗಲಿಯಿಂದ ಏಳಲೇ ಇಲ್ಲವಂತೆ. ಎದುರಿಗೆ ಅಂಗಳದ ತುಂಬ ಬಿಳಿ ಖಡಿ, ಅದರ ಮೇಲೆ ಕುಂಟೆ ಹೊಡೆದ ಹೊಲದಂಥ ಗೆರೆಗಳು, ನಡುವೆ ಪಾಚಿ ಕಟ್ಟಿದ ಬಂಡೆಗಳು.

"ನೋಡವಾ, ನಾ ಜಲ್ಮೆಲ್ಲ ಖಡಿ ಹಾಕಿದ್ದು ಗಾಡಿ ಹೋಗ್ಲಿ ಅಂತ. ಅಲ್ಲಿ ಹಾಕ್ಯಾರ, ಯಾರೂ ಕಾಲಿಡಬ್ಯಾಡ್ರಿ ಅಂತ!" ಎಂದು ಸೆರಗು ಬಾಯಿಗೊತ್ತಿ ನಕ್ಕಿದ್ದರು.

ಬಂದವರೇ ನಮ್ಮ ಓಣಿಯ ಬುದ್ಧ ವಿಹಾರದ ಅಂಗಳಕ್ಕೆ ಒಂದು ಟ್ರ್ಯಾಕ್ಟರ್ ಖಡಿ ಹಾಕಿಸಿದರು. ಶಹಾಬಾದಿನಿಂದ ಒರಟು ಬಂಡೆ ತರಿಸಿ ನಿಲ್ಲಿಸಿದರು. ಗ್ಯಾಂಗಿನವರು ಖಡಿ ಎಳೆಯುವಂಥ ಹಲ್ಲಿನ ಪಂಜಾ ಹಿಡಿದು ದಿನಾ ಗೆರೆ ಎಳೆಯುತ್ತಾರೆ.

ಆದರೆ ನಮ್ಮೂರಲ್ಲಿ ಖಡಿ ಬಿದ್ದಿದೆ ಎಂದರೆ ಯಾರದೋ ಸ್ಲ್ಯಾಬಿಗೆ ತಂದು ಉಳಿದದ್ದು ಎಂದೇ ಲೆಕ್ಕ. ಬೇಕಾದವರು ಬುಟ್ಟಿ ತುಂಬಿಕೊಳ್ಳುತ್ತಾರೆ, ಕೇಳುವ ರೂಢಿಯಿಲ್ಲ. ಮಗಳನ್ನು ಅಂಗನವಾಡಿಗೆ ಬಿಟ್ಟು ಬರುವಾಗ ವಿಹಾರದೊಳಗೆ ರಮಾಬಾಯಿಯ ಜೋರು ದನಿ ಕೇಳಿ ಒಳಹೊಕ್ಕೆ. ಹಿಂದಿನ ಮನೆಯ ದೇವೀಂದ್ರಪ್ಪ ಬುಟ್ಟಿ ಹಿಡಿದು ಗೆರೆಗಳ ನಡುವೆಯೇ ನಿಂತಿದ್ದ.

"ಉಳದದ್ದು ಅನ್ಕೊಂಡಿದ್ದೆ ರೀ ಅಕ್ಕಾ. ಬಚ್ಚಲ ಮುಂದ ಭಾಳ ರಾಡಿ ಆಗ್ಯಾದ."

"ನಿನ್ನ ಬಚ್ಚಲಕ್ಕ ಜಪಾನ್ ಬೇಕೇನೋ?"

"ಹಂಗಾರ ಒಂದು ಬೋರ್ಡಾದ್ರೂ ಹಾಕ್ರಿ."

"ಹಾಕಿದ್ದೆ. ಅದನ್ನೂ ಒಯ್ದಾರ!"

ದೇವೀಂದ್ರಪ್ಪನಿಗೆ ನಗು ತಡೆಯಲಿಲ್ಲ. ಖಡಿ ಸುರುವಿ, ತನ್ನ ಹೆಜ್ಜೆ ತಾನೇ ಕಾಲಿಂದ ಸವರುತ್ತ ಇನ್ನಷ್ಟು ಕೆಡಿಸಿ ಹೋದ.

ರಮಾಬಾಯಿಯ ಮುಖ ಮಾತ್ರ ಇಳಿದಿತ್ತು. ಖಡಿ ಹೀಗೇ ಕರಗುತ್ತಿದ್ದರೆ ಬುದ್ಧ ಪೂರ್ಣಿಮೆ ಆದ ಕೂಡಲೇ ಅಂಗಳಕ್ಕೆ ಫರಸಿ ಕಲ್ಲು ಹಾಸಿಬಿಡುವುದಾಗಿ ವಿಹಾರದ ಹಿರಿಯರು ಹೇಳಿದ್ದಾರೆ.

"ಬೇಲಿ ಹಾಕಿಸೋಣೇನ್ರೀ ಆಯಿ?" ಎಂದೆ.

"ಬ್ಯಾಡವಾ. ಜಪಾನದಾಗೇನು ಮುಳ್ಳಿನ ಬೇಲಿ ಇತ್ತಾ? ಜನ ಕುಂತು ನೋಡ್ತಿದ್ರು. ಅಷ್ಟು ಮಂದಿ ಎದುರಿಗಿ ಯಾರು ಕಾಲಿಡ್ತಾರ?" ಪಂಜಾ ಗೋಡೆಗೆ ಆನಿಸಿ ನನ್ನ ಕೈ ಹಿಡಿದರು. "ನಂದೊಂದು ಕೆಲಸ ಮಾಡ್ತಿ ಏನು? ಸಂಜಿಗಿ ಓಣಿ ಹೆಣ್ಮಕ್ಕಳ್ನ ಕರ್ಕೊಂಡು ಬಾ. ಮೆಂತ್ಯಪಲ್ಯ ಸೋಸೋದಿದ್ರ ಇಲ್ಲೇ ತರ್ರಿ. ಹುಣ್ಣಿಮಿ ತನಕಾ ದಿನಾ ಈ ಕಟ್ಟಿ ಮ್ಯಾಲ ಕುಂತು, ಇದನ್ನ ಒಂದೀಟು ನೋಡ್ರಿ."