ಮುಂಗೈಗಳ ನಡುವಿನ ಎಲೆ

ಮೊನ್ನೆ ಕೋಟೆಯ ಹತ್ತಿರ ವೀಳ್ಯದೆಲೆ ಕೊಳ್ಳುವಾಗ ಕಟ್ಟಿನ ಮೇಲಿನ ಎಲೆಯೊಂದು ನನ್ನ ಹೆಬ್ಬೆರಳಿಗೆ ಸಿಕ್ಕಿ ಜಜ್ಜಿಹೋಯಿತು. ಆ ಖಾರದ ವಾಸನೆ ಮೂಗಿಗೆ ಬಡಿದದ್ದೇ ತಡ, ಬೈಸಿಕೊಳ್ಳಲು ಸಿದ್ಧಳಾಗಿ ನಿಂತುಬಿಟ್ಟೆ. ಬೈಯುವವರು ಈಗಿಲ್ಲ...

ನಮ್ಮ ಮಾಸ್ಟರು ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿದ್ದರು. ಕುಂಗ್‌ಫು ಕಲಿಸುತ್ತಿದ್ದರು. ಚಿಕ್ಕಂದಿನಲ್ಲಿ ಕಲ್ಕತ್ತದ ಚೀನೀಯರ ಚಪ್ಪಲಿ ಅಂಗಡಿಯಲ್ಲಿ ಕೆಲಸಕ್ಕಿದ್ದಾಗ ಅಲ್ಲಿನ ಯಜಮಾನರಿಂದ ಕಲಿತದ್ದಂತೆ. ಆ ಕಥೆ ಹೇಳಿದಾಗಲೆಲ್ಲ ಒಂದಿಷ್ಟು ಬೆಳೆಯುತ್ತಿತ್ತು. ಕೂದಲಿಗೆ ಕರಿ ಬಣ್ಣ, ಗರಿಗರಿ ಇಸ್ತ್ರಿಯ ಷರಟು, ತನ್ನ ಸಮ ಯಾರಿಲ್ಲವೆಂಬ ಧಿಮಾಕು. ಶಿವಮೊಗ್ಗದಿಂದ ಭಾನುವಾರದ ಬಸ್ಸು ಹತ್ತಿ ಹೋಗುತ್ತಿದ್ದ ನನಗೆ ಒದೆಯುವುದು ಕಲಿಯಬೇಕಿತ್ತು. ಅವರು ಮೊದಲು ಮುಟ್ಟುವುದನ್ನು ಕಲಿ ಎಂದರು.

ಅದಕ್ಕೆ ನಾವು ಅಂಟುಕೈ ಎನ್ನುತ್ತಿದ್ದೆವು. ಇಬ್ಬರು ಎದುರುಬದುರು ನಿಂತು, ಮುಂಗೈಗೆ ಮುಂಗೈ ತಾಗಿಸಿ, ಕಣ್ಣು ಮುಚ್ಚಿ, ಒಬ್ಬರ ಕೈ ಹೋದತ್ತ ಇನ್ನೊಬ್ಬರ ಕೈ ಹೋಗಬೇಕು. ನಡುವೆ ಒಂದು ವೀಳ್ಯದೆಲೆ. ಮಾಸ್ಟರ ಹೆಂಡತಿ ಹಿತ್ತಲ ಬಳ್ಳಿಯಿಂದ ಕಿತ್ತುಕೊಡುತ್ತಿದ್ದರು. ಕೈ ಸಡಿಲಬಿಟ್ಟರೆ ಎಲೆ ಬೀಳುತ್ತದೆ, ಬಲ ಹಾಕಿದರೆ ಜಜ್ಜಿ ವಾಸನೆ ಹೊಡೆಯುತ್ತದೆ. ಈ ಎಲೆಯ ಉಪಾಯ ಚೀನಾದವರಿಗೂ ಹೊಳೆದಿರಲಿಲ್ಲವೆಂದು ಅವರು ಜಂಬ ಕೊಚ್ಚುತ್ತಿದ್ದರು. ಸಿನಿಮಾದವರಂತೆ ಕಾಲಗಲಿಸಿ ನಿಂತರಂತೂ ಮುಗಿಯಿತು, ಮಾಸ್ಟರ ಬೈಗುಳ ಶುರು.

"ಹಾಲು ತರಕ್ಕೆ ಹೋಗ್ತೀಯಲ್ಲಮ್ಮ, ಹಂಗೆ ನಡಿ. ಮೈಗೆ ಗೊತ್ತಿರೋದನ್ನ ಯಾಕೆ ಕೆಡಿಸ್ತೀಯ?"

ನನ್ನ ಎಲೆ ಮಾತ್ರ ಯಾವಾಗಲೂ ಚಟ್ನಿ.

ಆಗಲೇ ಅಪ್ಪನಿಗೆ ಲಕ್ವ ಹೊಡೆದದ್ದು. ಬಜಾರಿನ ಬಟ್ಟೆ ಅಂಗಡಿಯಲ್ಲಿ ಇಡೀ ದಿನ ನಿಂತೇ ವ್ಯಾಪಾರ ಮಾಡಿದ ಮನುಷ್ಯ. ನಡೆಸದಿದ್ದರೆ ಇದ್ದ ಶಕ್ತಿಯೂ ಹೋಗುತ್ತದೆ ಎಂದು ಡಾಕ್ಟರು ಹೇಳಿದ್ದರು. ನಾನು ಒಂದು ರಟ್ಟೆ, ತಮ್ಮ ಇನ್ನೊಂದು ರಟ್ಟೆ ಹಿಡಿದು ಎಳೆದೆವು. ಒಂದು ದಿನ ಮೂವರೂ ಬಿದ್ದೆವು. ಆಮೇಲೆ ಅಪ್ಪ ಹೊಸಮನೆ ಬಡಾವಣೆಯ ನಮ್ಮ ಮನೆಯಲ್ಲಿ ಮಂಚ ಬಿಟ್ಟು ಇಳಿಯಲೇ ಇಲ್ಲ. "ನನ್ನ ಮೂಟೆ ಥರ ಎತ್ತಬೇಡ ಮಾರಾಯ್ತಿ" ಎಂದು ಗೋಡೆಯ ಕಡೆ ತಿರುಗಿದರು. ಇನ್ನು ಅವರು ಏಳುವುದಿಲ್ಲವೇನೋ ಎಂದು ನನಗೆ ಭಯವಾಯಿತು.

ಇನ್ನು ಕ್ಲಾಸಿಗೆ ಬರಲಾಗದು ಎಂದು ಫೋನಿನಲ್ಲಿ ಕಾರಣ ಹೇಳಿದೆ. ಭಾನುವಾರ ಮಾಸ್ಟರೇ ಬಂದರು, ಟಿಫನ್ ಡಬ್ಬಿಯಲ್ಲಿ ಎಲೆ ಹಿಡಿದುಕೊಂಡು. ಡಾಕ್ಟರು ನಡೆಯಬೇಡಿ ಅಂದಿಲ್ಲ ತಾನೆ ಎಂದು ಕೇಳಿಕೊಂಡು, ಅಪ್ಪನನ್ನು ಮಂಚದ ಅಂಚಿಗೆ ಕೂರಿಸಿ, ಸರಿಯಿದ್ದ ಕೈಗೆ ತಮ್ಮ ಮುಂಗೈ ತಾಗಿಸಿ ಎಲೆ ಇಟ್ಟರು.

"ಸಾರ್, ನೀವು ನಡೀಲೇಬೇಡಿ. ಎಲೆ ಬೀಳದಂಗೆ ನೋಡ್ಕೊಳ್ಳಿ, ಸಾಕು."

ಬಟ್ಟೆಯ ನೂಲನ್ನು ಬೆರಳಲ್ಲೇ ಅಳೆದ ಕೈ ಅಪ್ಪನದು. ಮಾಸ್ಟರ ಕೈ ಹೋದಲ್ಲೆಲ್ಲ ಹೋಯಿತು. ಎಲೆ ಬೀಳಲೂ ಇಲ್ಲ, ನಲುಗಲೂ ಇಲ್ಲ. ಅಪ್ಪನ ಮುಖದಲ್ಲಿ ಗಿರಾಕಿಯೊಡನೆ ಚೌಕಾಸಿಗೆ ಇಳಿದಾಗಿನ ಹುರುಪು ಕಂಡಿತು. ಮಾಸ್ಟರು ಮೆಲ್ಲಗೆ ಹಿಂದೆ ಸರಿದರು. ಎಲೆ ಬಿಡಬಾರದೆಂದು ಅಪ್ಪ ಮುಂದಕ್ಕೆ ಬಾಗಿದರು, ಬಾಗಿದವರು ಹಾಗೇ ಎದ್ದು ನಿಂತರು. ನಿಂತ ಮೇಲೆಯೇ ಅವರಿಗೆ ಗೊತ್ತಾದದ್ದು. ಪಕ್ಕದಲ್ಲಿ ಕಾವಲಿದ್ದ ನನ್ನ ಕಣ್ಣು ತುಂಬಿಬಂತು.

"ಮಗಳಿಗಿಂತ ನೀವೇ ವಾಸಿ ಸಾರ್" ಎಂದರು ಮಾಸ್ಟರು. ಆಮೇಲೆ ನನ್ನತ್ತ ತಿರುಗಿ, "ಅವರು ಹೊರಡಕ್ಕೆ ಮುಂಚೆ ನೀನು ಹೊರಟುಬಿಡ್ತೀಯಮ್ಮ. ಕಾಯಿ. ಯಾವಾಗ ಅಂತ ಅವರ ಕೈಯೇ ಹೇಳುತ್ತೆ."

ಅಪ್ಪನ ಮುಂಗೈಗೆ ಮುಂಗೈ ತಾಗಿಸಿ ಕಾಯುವುದನ್ನು ಕಲಿತೆ. ಮಂಚದಿಂದ ಬಾಗಿಲಿಗೆ, ಬಾಗಿಲಿಂದ ಗೇಟಿಗೆ... ನಿಧಾನವಾಗಿ ಅಪ್ಪ ಕೋಲೂರಿ ಅಂಗಡಿಗೂ ಹೋಗತೊಡಗಿದರು.

ಈ ಬೇಸಿಗೆಯಲ್ಲಿ ಮಾಸ್ಟರು ತೀರಿಕೊಂಡರು. ಮೊನ್ನೆ ಎಲೆ ಕೊಂಡದ್ದು ಅವರ ಮನೆಗೆ ಒಯ್ಯಲೆಂದೇ. ಬಳ್ಳಿ ಒಣಗುತ್ತಿದೆಯೆಂದು ಗೊತ್ತಾಗಿ ಅಪ್ಪ ತರಲು ಹೇಳಿದ್ದರು. ನಾನೂ ಅಪ್ಪನೂ ಹೋದಾಗ ಮಾಸ್ಟರ ಹೆಂಡತಿ ಒಳಕೋಣೆಯ ಕುರ್ಚಿಯಲ್ಲಿ ಕೂತಿದ್ದರು. ಮಾಸ್ಟರು ತೀರಿಕೊಂಡಾಗಿನಿಂದ ಹಿತ್ತಲಿಗೆ ಕಾಲಿಟ್ಟಿಲ್ಲ, ಕಾಲು ನಡುಗುತ್ತದೆ ಎಂದರು. ನಾನು ಎಬ್ಬಿಸಲು ರಟ್ಟೆಗೆ ಕೈ ಹಾಕಹೊರಟೆ. ಅಪ್ಪ ನನ್ನನ್ನು ತಡೆದು, ಕೋಲನ್ನು ನನಗೆ ಕೊಟ್ಟು, ಮುಂಗೈ ಮೇಲೊಂದು ಎಲೆ ಇಟ್ಟುಕೊಂಡು ಮುಂದೆ ಚಾಚಿದರು.

"ನಡೀಬೇಡಿ ತಾಯಿ. ಎಲೆ ನೋಡ್ಕೊಳ್ಳಿ."

ಮಾಸ್ಟರ ಹೆಂಡತಿ ಆ ಎಲೆಯನ್ನು ನೋಡಿದರು. ಅತ್ತರು. ಆಮೇಲೆ ತಮ್ಮ ಕೈಯನ್ನು ಅದರ ಮೇಲಿಟ್ಟರು. ಹಾಲು ತರಲು ಹೊರಟವರಂತೆ ಇಬ್ಬರೂ ಹಿತ್ತಲ ಬಳ್ಳಿಯ ಕಡೆ ಹೆಜ್ಜೆ ಹಾಕಿದರು. ಶಹಬ್ಬಾಸ್ ಎನ್ನಲು ಮಾಸ್ಟರು ಇರಲಿಲ್ಲ. ನಾನು ಕೋಲು ಹಿಡಿದು ಹಿಂದೆಯೇ ಹೋದೆ. ಬಳ್ಳಿ ಮುಟ್ಟುವವರೆಗೂ ಎಲೆಯ ವಾಸನೆ ಬರಲಿಲ್ಲ.