ಮಧ್ಯಾಹ್ನದ ಮಡಿ

ನನ್ನ ಮಗಳಿಗೆ ನಾನು ದೇವರ ಹೆಸರಿನಲ್ಲಿ ಸುಳ್ಳು ಹೇಳಿದ್ದೇನೆ. ಒಂದು ದಿನವಲ್ಲ, ಇಡೀ ಒಂದು ಬೇಸಿಗೆ ರಜೆ. ಇಷ್ಟು ವರ್ಷ ಯಾರ ಮುಂದೆಯೂ ಬಾಯಿ ಬಿಡದವಳು ಇವತ್ತು ಮುಂಜಾನೆ ಮಾಳಿಗೆಯ ಮೇಲೆ ಸಂಡಿಗೆ ಇಡುತ್ತಾ ಇದ್ದಾಗ ಹೇಳಿಬಿಟ್ಟೆ — ಕೈಯೆಲ್ಲ ಹಿಟ್ಟು, ಫೋನು ಕಿವಿಗೂ ಹೆಗಲಿಗೂ ನಡುವೆ. 

ನಮ್ಮೂರು ಇಂಡಿಯಲ್ಲಿ ಇವತ್ತು ಚುರುಕು ಬಿಸಿಲು, ಧೂಳಿನ ಗಾಳಿ ಇಲ್ಲ. ಸಂಡಿಗೆ ಇಡುವವರಿಗೆ ಅದೂ ದೇವರ ದಯೆಯೇ. ಫೋನು ಮಾಡಿದವಳು ಸುಧಾ, ನನ್ನ ಒಬ್ಬಳೇ ಮಗಳು. ಬಸವನ ಬಾಗೇವಾಡಿಗೆ ಕೊಟ್ಟಿದ್ದೇವೆ. ಮನೆಯಲ್ಲೇ ಕೂತು ಸೀರೆಗಳಿಗೆ ಕುಚ್ಚು ಕಟ್ಟುತ್ತಾಳೆ. ಮುದ್ದೇಬಿಹಾಳದ ಮದುವೆ ಮನೆಯೊಂದರವರು ಬೀಗರ ಸೀರೆಗಳನ್ನೂ ಸೇರಿಸಿ ಎಲ್ಲವನ್ನೂ ಅವಳಿಗೇ ಒಪ್ಪಿಸಿ ಹೋಗಿದ್ದಾರಂತೆ! ಅವಳ ಮಾತು ಒಂದರ ಮೇಲೊಂದು ಬೀಳುತ್ತಿತ್ತು — ಮಣಿ ಯಾವುದು, ರೇಷ್ಮೆ ದಾರ ಯಾವುದು, ಮದುಮಗಳ ಸೀರೆಗೆ ಏನು ಮಾಡಲಿ... ನಾನು ಕೂತವಳು ಯಾವಾಗ ಎದ್ದು ನಿಂತೆನೋ, ಸೆರಗಿಗೆ ಹಿಟ್ಟು ಮೆತ್ತಿಕೊಂಡೆನೋ, ಗೊತ್ತೇ ಆಗಲಿಲ್ಲ.

ಆದರೆ ಈಗ ಶಾಲೆಗೆ ರಜೆ. ಮೊಮ್ಮಗಳು ಅನ್ವಿ ದಿನವಿಡೀ ಮನೆಯಲ್ಲೇ. ದಾರ ಎಳೆಯುತ್ತಾಳೆ, ಮಣಿ ಚೆಲ್ಲುತ್ತಾಳೆ, ಅವ್ವ ಕೂತಲ್ಲಿ ಬಂದು ತೊಡೆ ಏರುತ್ತಾಳೆ. ಕೂಸನ್ನು ಹೇಗೆ ಸಂಭಾಳಿಸುತ್ತೀ ಎಂದು ಕೇಳಿದೆ. ಸುಧಾ ನಕ್ಕಳು.

"ನಿನ್ನ ಹಂಗ ಮಾಡ್ತೀನವ್ವಾ. ನಾ ಮಡಿಯೊಳಗ ಇದ್ದೀನಿ, ಮುಟ್ಟಬ್ಯಾಡ ಅಂದುಬಿಡ್ತೀನಿ. ನಾ ಎಷ್ಟು ಶಾಣ್ಯಾ ಇದ್ದೆ ನೋಡು, ಹೊಸ್ತಿಲಾ ಸುದ್ದಾ ದಾಟತಿರಲಿಲ್ಲ. ನಿಂದು ಖರೇ ಮಡಿ ಇತ್ತು, ನಂದು ಸುಳ್ಳು — ಅಷ್ಟ ಫರಕ."

ಅಷ್ಟೇ ಫರಕು. ಹಿಟ್ಟಿನ ಕೈ ಸೆರಗಿಗೆ ಒರೆಸಿ ಫೋನು ಸರಿಯಾಗಿ ಹಿಡಿದೆ.

ಸುಧಾಗೆ ಆರು ವರ್ಷವಾಗಿದ್ದ ಆ ಬೇಸಿಗೆ ನನ್ನ ಹೊಲಿಗೆ ಯಂತ್ರ ಇನ್ನೂ ಹೊಸತು. ಓಣಿಯ ಹೆಂಗಸರು ಒಬ್ಬರ ಹಿಂದೆ ಒಬ್ಬರು ಸೀರೆಯ ಮೇಲೆ ತೊಡುವ ಜಂಪರ್ ಹೊಲಿಯಲು ತಂದು ಕೊಡುತ್ತಿದ್ದರು. ಸಿಂದಗಿಯ ನಾದಿನಿಯರೂ ಕಳಿಸುತ್ತಿದ್ದರು. ಮನೆಗೆ ಆಸರೆಯಾಗಲಿ ಎಂದು ಹೊಲಿಯುತ್ತೇನೆ ಎಂದು ಎಲ್ಲರಿಗೂ ಹೇಳುತ್ತಿದ್ದೆ. ಖರೆ ಏನೆಂದರೆ — ತೋಳು ಒಂದೂ ನೆರಿಗೆ ಬೀಳದಂತೆ ಕೂತಾಗ ನನಗೆ ಆಗುತ್ತಿದ್ದ ಸಂತೋಷ ಬೇರೆ ಯಾವುದರಲ್ಲೂ ಆಗುತ್ತಿರಲಿಲ್ಲ. ಹಬ್ಬದಲ್ಲೂ ಇಲ್ಲ. ಮಗಳ ಆಟದಲ್ಲೂ ಇಲ್ಲ. ಇದನ್ನು ಇವತ್ತು ಮೊದಲ ಸಲ ಬರೆಯುತ್ತಿದ್ದೇನೆ.

ಮುಂಜಾನೆಯ ಮಡಿ ನಿಜವೇ. ಸ್ನಾನ ಮಾಡಿ, ಯಾರೂ ಮುಟ್ಟದಂತೆ ಒಣಗಿಸಿದ ಸೀರೆ ಉಟ್ಟು ಅಡುಗೆ, ನೈವೇದ್ಯ. ಊಟವಾದರೆ ಅದು ಮುಗಿಯಿತು. ಮಧ್ಯಾಹ್ನಕ್ಕೆ ಎಲ್ಲಿಯ ಮಡಿ? ಅದೂ ಜಂಪರ್ ಹೊಲಿಯುತ್ತಾ! ನಮ್ಮಲ್ಲಿ ಹೊಲಿದ ಬಟ್ಟೆ ಮಡಿಗೆ ಬರುವುದೇ ಇಲ್ಲ. ದೊಡ್ಡವರು ಯಾರಾದರೂ ಕೇಳಿದ್ದರೆ ಬಿದ್ದು ಬಿದ್ದು ನಗುತ್ತಿದ್ದರು. ಆದರೆ ನಮ್ಮವರು ಕಚೇರಿಗೆ ಹೋಗಿರುತ್ತಿದ್ದರು, ಮನೆಯಲ್ಲಿ ದೊಡ್ಡವರೆಂದರೆ ನಾನೊಬ್ಬಳೇ. ಆರು ವರ್ಷದ ಕೂಸಿಗೆ ಏನು ತಿಳಿಯಬೇಕು? ಮಡಿಯಲ್ಲಿದ್ದೇನೆ, ಮುಟ್ಟಬೇಡ ಎಂದದ್ದು ಮೊದಲ ದಿನ ಬಾಯಿ ತಪ್ಪಿ ಬಂತು ಎನ್ನಬಹುದು. ಎರಡನೆಯ ದಿನ ತಿಳಿದೇ ಹೇಳಿದೆ. ಅವಳು ಹೊಸ್ತಿಲ ಆಚೆಯೇ ಗೊಂಬೆ ಇಟ್ಟುಕೊಂಡು ಆಡುತ್ತಿದ್ದಳು — ನನ್ನ ಕಡೆ ನೋಡುತ್ತಾ.

ಒಂದು ಮಧ್ಯಾಹ್ನ ಬಂದು ತಲೆ ನೋಯುತ್ತದೆ ಎಂದಳು. ಮಡಿಯಲ್ಲಿದ್ದೇನೆ, ಅಲ್ಲೇ ಮಲಗಿಕೋ ಎಂದೆ. ಒಂದು ತೋಳು ಬಾಕಿ ಇತ್ತು. ಅದು ಮುಗಿಯಿತು. ಇಷ್ಟು ಚೆಂದ ಕೂತಿದೆ, ಹುಕ್ಕನ್ನೂ ಹಚ್ಚಿಬಿಡೋಣ ಎಂದು ಮತ್ತೆ ಕೂತೆ. ಹಾಡು ಗುನುಗುತ್ತಿದ್ದೆ — ಅದೂ ನೆನಪಿದೆ. ಎದ್ದು ಬಂದಾಗ ಬರಿ ನೆಲದ ಮೇಲೆ ಮುದುಡಿಕೊಂಡಿದ್ದ ಮಗಳ ಮೈ ಕಾದ ಹಂಚಾಗಿತ್ತು. ಎತ್ತಿಕೊಳ್ಳಲು ಹೋದೆ. ಕಣ್ಣು ತೆರೆಯದೆಯೇ ಕೊಸರಿದಳು.

"ಮುಟ್ಟಬ್ಯಾಡವ್ವಾ. ನಿನ್ನ ಮಡಿ ಕೆಡ್ತದ."

ಆಗಲೇ ಹೇಳಬಹುದಿತ್ತು. ಹೇಳಲಿಲ್ಲ. ಡಾಕ್ಟರ ಹತ್ತಿರ, ಈಗಷ್ಟೇ ಬಂದ ಜ್ವರ ಎಂದೆ. ಪಕ್ಕದ ಮನೆಯ ಕಾಕು, ಜ್ವರದಲ್ಲೂ ಕೂಸು ನನ್ನ ಮಡಿ ನೆನೆದದ್ದು ಕೇಳಿ, ಎಂಥ ಸಂಸ್ಕಾರ ಕೊಟ್ಟೀ ಮಗಳಿಗೆ ಎಂದು ಹೊಗಳಿದರು. ಎಲ್ಲ ದೇವರ ದಯೆ ಎಂದು ಕೈ ಮುಗಿದೆ — ಆ ಕೈ ಮುಗಿದದ್ದಕ್ಕೆ ನನಗೆ ಕ್ಷಮೆ ಇದೆಯೋ ಇಲ್ಲವೋ. ಜ್ವರ ಬಿಟ್ಟಿತು. ಮುಂದಿನ ವಾರ ಮತ್ತೆ ಮಡಿ ಎಂದೆ. ಹೌದು, ಅದಾದ ಮೇಲೂ.

ಇವತ್ತು ಫೋನಿನಲ್ಲಿ ಸುಧಾಳ ನಗು ಇನ್ನೂ ನಿಂತಿರಲಿಲ್ಲ. ನನ್ನದೂ ಸುಳ್ಳೇ ಇತ್ತು ಎಂದೆ. ಅನ್ವಿಗೆ ಹಾಗೆ ಹೇಳಬೇಡ, ನಿನ್ನ ಕಾಲು ಹಿಡಿಯುತ್ತೇನೆ ಎಂದೆ.  ಅವಳು ಸಣ್ಣ ದನಿಯಲ್ಲಿ ಕೇಳಿದಳು:

"ಜ್ವರ ಬಂದಿತ್ತಲ್ಲ, ಅವತ್ತೂ?"

"ಅವತ್ತೂ."

 ಹಿಂದೆ ಅನ್ವಿ, ಯಾರ ಫೋನು ಎಂದು ಕೇಳುತ್ತಿದ್ದಳು. ಕೊನೆಗೆ ಸುಧಾ, "ಇದನ್ನ ಫೋನಿನ್ಯಾಗ ಹೇಳ್ತಾರೇನು? ಇಲ್ಲಿ ಬಂದು ನನ್ನ ಮಾರಿ ನೋಡಿ ಹೇಳು," ಎಂದು ಫೋನು ಇಟ್ಟುಬಿಟ್ಟಳು.

ಸಿಟ್ಟಿನಿಂದ ಕರೆದಳೋ, ಬೇಕೆಂದು ಕರೆದಳೋ — ಗೊತ್ತಿಲ್ಲ. ಕರೆದಳು, ಅಷ್ಟು ಸಾಕು. ನಾಳೆ ಮುಂಜಾನೆಯ ಬಸ್ಸಿಗೇ ಹೊರಟಿದ್ದೇನೆ. ಅವಳ ಮುಖ ನೋಡಿ ಹೇಳುತ್ತೇನೆ. ರಜೆ ಮುಗಿಯುವವರೆಗೂ, ಅವಳು ಇರಗೊಟ್ಟರೆ, ಅನ್ವಿಯ ಜೊತೆ ಇರುತ್ತೇನೆ. ಅವ್ವ ಏನು ಮಾಡುತ್ತಿದ್ದಾಳೆ ಎಂದು ಕೂಸು ಕೇಳಿದರೆ, ಕೆಲಸ ಮಾಡುತ್ತಿದ್ದಾಳೆ, ಅವಳಿಗೆ ಅದು ಬಹಳ ಸೇರುತ್ತದೆ ಎನ್ನುತ್ತೇನೆ. ಓಡಿ ಹೋಗಿ ತೊಡೆ ಏರಿದರೆ — ಏರಲಿ.

ನಮ್ಮವರಿಗೆ ನಾನಿಲ್ಲದ ದಿನಗಳಿಗೆ ಚಟ್ನಿಪುಡಿಯಾದರೂ ಆಗಬೇಕು. ಏಳುತ್ತೇನೆ, ಶೇಂಗಾ ಹುರಿಯಬೇಕು.