ಹಿಂದಿನಿಂದ ಬಂದ ಗಾಳಿ

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಊಟಿಯ ಬ್ಯಾಂಕೊಂದರಲ್ಲಿ ಗುಮಾಸ್ತೆಯಾಗಿದ್ದೆ. ರಜೆ ಸಿಕ್ಕಾಗಲೆಲ್ಲ ಮಸಿನಗುಡಿ ಬಸ್ಸು ಹತ್ತಿ, ಕಲ್ಲಟ್ಟಿಯ ಇಳಿಜಾರಿನಲ್ಲಿ ಪ್ಯಾರಾಗ್ಲೈಡಿಂಗ್ ಕಲಿಯಲು ಹೋಗುತ್ತಿದ್ದೆ. ಕಲಿಸುತ್ತಿದ್ದವನು ಬೆಂಗಳೂರಿನವನು. ಮಂಜು ಕವಿದ ದಿನವೂ ಕಪ್ಪು ಕನ್ನಡಕ ತೆಗೆಯುತ್ತಿರಲಿಲ್ಲ. ಪಾಠದ ಮುಕ್ಕಾಲು ಪಾಲು ಅವನದೇ ಶೌರ್ಯದ ಕಥೆ.

ಕಲಿಯಬೇಕಾದ್ದು ಬೇರೆಯೇ ಇತ್ತು. ಹುಲ್ಲಿನ ಮೇಲೆ ಬಟ್ಟೆಯ ರೆಕ್ಕೆ ಹರಡಿ, ದಾರಗಳ ಸಿಕ್ಕು ಬಿಡಿಸಬೇಕು. ತೊಡೆಯ ಪಟ್ಟಿ ಬಿಗಿದಿದೆಯೇ ಎಂದು ಮುಟ್ಟಿ ನೋಡಬೇಕು. ರೆಕ್ಕೆ ನೆತ್ತಿಯ ಮೇಲೆ ಅಲುಗದೆ ನಿಲ್ಲುವವರೆಗೂ ನೆಲದಲ್ಲೇ ಎಳೆದು ಎಳೆದು ಅಭ್ಯಾಸ ಮಾಡಬೇಕು. ಅದನ್ನು ಅವನು "ಬಟ್ಟೆ ಒಣಗಿಸೋ ಕೆಲಸ" ಎಂದು ಹೀಯಾಳಿಸುತ್ತಿದ್ದ. ನಾನು ತೋಳು ಸೋಲುವವರೆಗೂ ಅದನ್ನೇ ಮಾಡುತ್ತಿದ್ದೆ.

ನನ್ನ ಮೊದಲ ಹಾರಾಟದ ದಿನ ಒಂದು ಹಿಡಿ ಹುಲ್ಲು ತೂರಿ ನೋಡಿದೆ. ಅದು ಕಣಿವೆಯ ಕಡೆಗೆ ಹೋಯಿತು. ಗಾಳಿ ಬೆನ್ನ ಹಿಂದಿನಿಂದ ಬೀಸುತ್ತಿತ್ತು. ಹಾರಲು ಅದು ಎದುರಿನಿಂದ ಬರಬೇಕು.

"ಇವತ್ತು ನಾನು ಹಾರಲ್ಲ," ಎಂದೆ.

"ಏನ್ ಮೇಡಂ, ಹೆದರಿಕೇನಾ? ನೀವು ಬ್ಯಾಂಕಲ್ಲಿ ನೋಟು ಎಣಿಸೋಕೇ ಸರಿ."

"ಗಾಳಿ ಹಿಂದಿನಿಂದ ಬರ್ತಿದೆ."

"ನನಗೇ ಪಾಠ ಹೇಳ್ತೀರಾ? ನೋಡ್ತಾ ಇರಿ."

ನನ್ನನ್ನು ನಾಚಿಸಲೆಂದೇ ಓಡಿದ. ರೆಕ್ಕೆ ಅರ್ಧ ಎದ್ದಿತು, ಒಂದು ಪಕ್ಕಕ್ಕೆ ಮುದುಡಿತು. ಇವನು ತಲೆಯೆತ್ತಿ ನೋಡಲೂ ಇಲ್ಲ. ಇಳಿಜಾರಿನಲ್ಲಿ ಉರುಳುತ್ತ ಹೋಗಿ ಕೆಳಗಿನ ಕೋಸಿನ ಹೊಲಕ್ಕೆ ಬಿದ್ದ. ನಾನು ಓಡಿಹೋಗುವಷ್ಟರಲ್ಲಿ ಹೊಲದೊಡತಿ, ಮೈಸೂರು ಕಡೆಯ ಹೆಂಗಸು, ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು.

"ಬದುಕವ್ನಾ? ಸರಿ. ಹಂಗಾರೆ ಕೋಸಿನ್ ಮೇಲಿಂದ ಎದ್ದೇಳೋಕೆ ಹೇಳಮ್ಮ."

ಎದ್ದೇಳಲು ಆಗಲಿಲ್ಲ, ಕಾಲು ಮುರಿದಿತ್ತು. ಇಬ್ಬರೂ ಸೇರಿ ರಸ್ತೆಗೆ ಎತ್ತಿ ತಂದು, ತರಕಾರಿ ಲಾರಿಯೊಂದನ್ನು ನಿಲ್ಲಿಸಿ ಹತ್ತಿಸಿದೆವು. ದಾರಿಯುದ್ದಕ್ಕೂ ನರಳಿದ. ಆಸ್ಪತ್ರೆಯಲ್ಲಿ ಡಾಕ್ಟರ ಮುಂದೆ ಮಾತ್ರ ಸ್ವರ ಗಟ್ಟಿಯಾಯಿತು: "ಗಾಳಿ ಮೋಸ ಮಾಡ್ತು ಸಾರ್."

ಮರುವರ್ಷ ಬೇರೊಬ್ಬ ಶಿಕ್ಷಕಿಯ ಬಳಿ ಕಲಿತೆ. ಆಕೆ ವಾರಗಟ್ಟಲೆ ನನ್ನನ್ನು ನೆಲ ಬಿಡಲು ಬಿಡಲಿಲ್ಲ. ಕೊನೆಗೊಂದು ಬೆಳಿಗ್ಗೆ ಹಾರಿದೆ. ಇಳಿಯುವ ಹೊತ್ತಿಗೆ ಎರಡೂ ಕೈಯ ಬ್ರೇಕ್ ದಾರ ಪೂರ್ತಿ ಎಳೆದು ನನ್ನ ಕಾಲ ಮೇಲೇ ನಿಂತೆ. ಅವನು ಈಗ ಇನ್ನೆಲ್ಲೋ ಧೈರ್ಯದ ಬಗ್ಗೆ ಭಾಷಣ ಮಾಡುತ್ತಾನಂತೆ. ಕೇಳುವವರೂ ಇದ್ದಾರಂತೆ.